ದಡಾರ ಬಂದು ಹೋದ ಮಗುವಿನ ರೋಗನಿರೋಧಕ ಶಕ್ತಿ ಹೆಚ್ಚಿಸಲು ಯಾವ ಟಾನಿಕ್ ಒಳ್ಳೆಯದು?

ಮೂರು ವರ್ಷದ ಮಗಳಿಗೆ ದಡಾರ ಬಂದು ಹತ್ತು ದಿನಗಳ ಹಿಂದೆ ವಾಸಿಯಾಗಿದೆ, ಒಮ್ಮೆ ಬಂದು ಹೋದರೆ ಮೈ ಗಟ್ಟಿಯಾಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ, ಆ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಲು ಲೇಹ್ಯ ಕೊಡಲೋ ಮಲ್ಟಿವಿಟಮಿನ್ ಸಿರಪ್ ಕೊಡಲೋ, ಮುಂದಿನ ವಾರದ ಜಾತ್ರೆಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. 2018ರಲ್ಲಿ ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ನಾನು ಔಷಧಿ ಅಂಗಡಿಯೊಂದರ ಗಾಜಿನ ಕಪಾಟಿನ ಮೇಲೆ ಮೊಣಕೈ ಊರಿ ಕೇಳಿದ್ದೆ. ಅಂಗಡಿಯವರು ಕಿತ್ತಳೆ ಬಣ್ಣದ ಸಿರಪ್ಪಿನ ಬಾಟಲಿಯೊಂದನ್ನು ಕೊಟ್ಟರು. ನನ್ನ ಮಗ ಅದನ್ನು ಎರಡು ತಿಂಗಳು ಇಷ್ಟಪಟ್ಟು ಕುಡಿದ. ಅದೇ ಎರಡು ತಿಂಗಳಲ್ಲಿ ಅವನ ಎಡಗಿವಿಯ ಶ್ರವಣ ಶಕ್ತಿ ಬಹುಪಾಲು ಹೋಯಿತು.

ನಾನು ವೈದ್ಯನಲ್ಲ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಅಂದರೆ ಎಲ್ಲರೂ ರೆಕಾರ್ಡ್ ರೂಮ್ ಎನ್ನುವ ಜಾಗದಲ್ಲಿ, ಹಳೆಯ ಕಡತಗಳನ್ನು ಕಾಯುವ ನೌಕರ. ಆದ್ದರಿಂದ ಔಷಧಿಯ ಪ್ರಮಾಣ ಮೊದಲಾದವನ್ನು ನನ್ನಿಂದ ತಿಳಿಯಬೇಡಿ. ನಾನು ಮಾಡಿದ ತಪ್ಪನ್ನು ಮಾತ್ರ ನನ್ನಿಂದ ಪೂರ್ತಿಯಾಗಿ ತಿಳಿಯಿರಿ.

ಮಗ ಹುಟ್ಟಿದ್ದು 2013ರಲ್ಲಿ. ಒಂಬತ್ತನೆಯ ತಿಂಗಳಿಗೆ ದಡಾರದ ಮೊದಲ ಚುಚ್ಚುಮದ್ದು ಆಗಿತ್ತು. ಎರಡನೆಯದು ಆಗಬೇಕಾದ ಹೊತ್ತಿಗೆ ನನಗೆ ವರ್ಗವಾಗಿ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ತಾಯಿ ಕಾರ್ಡ್ ಟ್ರಂಕಿನ ತಳ ಸೇರಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆ ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಆರಂಭವಾದಾಗ, ವಾಟ್ಸ್ಯಾಪಿನಲ್ಲಿ ಹರಿದಾಡಿದ ಸುಳ್ಳು ಸಂದೇಶಗಳನ್ನು ನಂಬಿ, ಆ ದಿನ ಮಗನನ್ನು ಶಾಲೆಗೇ ಕಳುಹಿಸಲಿಲ್ಲ. ಒಂಬತ್ತು ತಿಂಗಳಿಗೆ ಹಾಕಿದ ಒಂದೇ ಡೋಸು 100 ಮಕ್ಕಳಲ್ಲಿ ಸುಮಾರು 15 ಮಂದಿಗೆ ಫಲಿಸುವುದಿಲ್ಲ ಎಂಬುದು, ನನ್ನ ಮಗ ಆ 15ರಲ್ಲಿ ಒಬ್ಬನೆಂಬುದು ಮರು ವರ್ಷದ ಬೇಸಿಗೆಯ ಆರಂಭದಲ್ಲಿ ತಿಳಿಯಿತು. ಇದೂ ತಪ್ಪೇ, ಸಣ್ಣದೇನಲ್ಲ. ಆದರೆ ಇಂತಹ ತಪ್ಪು ಮಾಡಿದ ತಂದೆ ತಾಯಂದಿರು ಸಾವಿರಾರು ಮಂದಿ ಇದ್ದಾರೆ, ಆ ಬಗ್ಗೆ ಬರೆದವರೂ ಬೇಕಾದಷ್ಟಿದ್ದಾರೆ. ನಾನು ಹೇಳಬೇಕೆಂದಿರುವುದು ದಡಾರ ಹೋದ ಮೇಲಿನ ಕಥೆ.

ನಮ್ಮ ಕಡೆ ದಡಾರಕ್ಕೆ ಗೊಬ್ಬರ ಎಂದೂ ಕರೆಯುತ್ತಾರೆ. ಮೂರು ದಿನ ಜ್ವರ, ಕೆಂಪು ಕಣ್ಣು, ಒಣ ಕೆಮ್ಮು ಬಂದು, ನಾಲ್ಕನೆಯ ದಿನ ಕಿವಿಯ ಹಿಂದಿನಿಂದ ಆರಂಭವಾದ ಕೆಂಪು ದದ್ದು ಮುಖ, ಎದೆ, ಕಾಲುಗಳಿಗೆ ಇಳಿಯಿತು. ಆಶಾ ಕಾರ್ಯಕರ್ತೆಯೊಬ್ಬರು ಒತ್ತಾಯಿಸಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಎರಡು ದಿನ ಸಾಲಾಗಿ ವಿಟಮಿನ್ ಎ ಹಾಕಿಸಿದರು. ಅವರ ಋಣ ದೊಡ್ಡದು. ವಾರ ಕಳೆಯುವಷ್ಟರಲ್ಲಿ ದದ್ದು ಮಾಸಿ, ಚರ್ಮ ಹೊಟ್ಟಿನಂತೆ ಉದುರಿತು. ನನ್ನ ಅವ್ವ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಮೊಮ್ಮಗನಿಗೆ ಮೀಯಿಸಿ, “ಒಳಗಿನ ನಂಜೆಲ್ಲ ಹೊರಗ ಬಂತು, ಇನ್ನ ಹುಡುಗ ಕಬ್ಬಿಣ ಆಗ್ತಾನ” ಎಂದಳು. ಮೂರು ವಾರದ ನಂತರ ನಾನು, ನೌಕರರ ಬುದ್ಧಿಯಂತೆ ಲಿಖಿತ ಪುರಾವೆ ಇರಲೆಂದು, ರಕ್ತ ಪರೀಕ್ಷೆಯನ್ನೂ ಮಾಡಿಸಿದೆ. ಬಿಳಿ ರಕ್ತಕಣಗಳ ಎಣಿಕೆ ಸರಿಯಾಗಿಯೇ ಇತ್ತು. ಆ ವರದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಾಗ ನನ್ನ ಮಟ್ಟಿಗೆ ದಡಾರದ ಕಡತ ಮುಕ್ತಾಯವಾಯಿತು.

ದದ್ದು ಎದ್ದ ಐದನೆಯ ವಾರ, ಒಂದು ರಾತ್ರಿ ಮಗ ಎಡಗಿವಿ ಹಿಡಿದುಕೊಂಡು ಅಳತೊಡಗಿದ. ಜ್ವರವೂ ಇತ್ತು. ಪ್ಯಾರಾಸಿಟಮಾಲ್ ಕೊಟ್ಟೆವು, ಬಟ್ಟೆ ಬಿಸಿ ಮಾಡಿ ಶಾಖ ಕೊಟ್ಟೆವು, ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನಿಸಿದೆವು. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಅಳು ತಟ್ಟನೆ ನಿಂತು, ಅವನು ಗಾಢವಾಗಿ ನಿದ್ದೆ ಹೋದ. ಬೆಳಗ್ಗೆ ದಿಂಬಿನ ಚೀಲದ ಮೇಲೆ ಅಂಗೈಯಗಲ ಹಳದಿ ಕಲೆ. ಜ್ವರ ಬಿಟ್ಟಿತ್ತು, ನೋವಿರಲಿಲ್ಲ, ಹುಡುಗ ಉಪ್ಪಿಟ್ಟು ತಿಂದು ಅಂಗಳಕ್ಕೆ ಆಡಲು ಹೋದ. ನಾನು ಆಸ್ಪತ್ರೆಗೆ ಹೋಗಲಿಲ್ಲ.

ಈ ಒಂದು ಬೆಳಗನ್ನು ನಾನು ಸಾವಿರ ಸಲ ಬಿಡಿಸಿ ನೋಡಿದ್ದೇನೆ, ಆದ್ದರಿಂದ ನಿಮಗೂ ಬಿಡಿಸಿ ಹೇಳುತ್ತೇನೆ. ನೋವು ನಿಂತದ್ದು ರೋಗ ಹೋದದ್ದರಿಂದಲ್ಲ. ಕಿವಿಯ ತಮಟೆಯ ಹಿಂದೆ ಕೀವು ತುಂಬಿ, ಒತ್ತಡ ತಡೆಯಲಾರದೆ ತಮಟೆ ಹರಿಯಿತು. ಒತ್ತಡ ಇಳಿದ ಕೂಡಲೇ ನೋವೂ ಇಳಿಯಿತು. ನಾನು ಅದನ್ನು ಗುಣವೆಂದು ಓದಿದೆ. ಹಾಗೆ ಓದಲು ನನಗೆ ಧೈರ್ಯ ಕೊಟ್ಟದ್ದು ಜೇಬಿನಲ್ಲಿದ್ದ ಆ ರಕ್ತದ ವರದಿ ಮತ್ತು ಮೈ ಕಬ್ಬಿಣವಾಗಿದೆ ಎಂಬ ಮಾತು: ಇಷ್ಟು ದೊಡ್ಡ ಕಾಯಿಲೆಯನ್ನು ಗೆದ್ದ ದೇಹಕ್ಕೆ ಒಂದು ಕಿವಿ ಸೋರುವುದು ಯಾವ ಲೆಕ್ಕ? ದಡಾರ ಬರುವ ಮೊದಲು ಕಿವಿ ಸೋರಿದ್ದರೆ ನಾನು ಖಂಡಿತವಾಗಿ ಅದೇ ದಿನ ವೈದ್ಯರ ಬಳಿಗೆ ಓಡುತ್ತಿದ್ದೆ. ದಡಾರ ಬಂದು ಹೋಗಿದೆ ಎಂಬ ಕಾರಣಕ್ಕೇ ಓಡಲಿಲ್ಲ. ಯಾವ ಸಂಗತಿ ನನ್ನನ್ನು ಎಚ್ಚರಿಸಬೇಕಾಗಿತ್ತೋ ಅದನ್ನೇ ನಾನು ತಲೆಗೆ ದಿಂಬು ಮಾಡಿಕೊಂಡೆ. ಅಷ್ಟೇ ಅಲ್ಲ, ಪ್ರತಿ ರಾತ್ರಿ ನನ್ನ ಕೈಯಿಂದಲೇ ಬೆಳ್ಳುಳ್ಳಿ ಎಸಳು ಜಜ್ಜಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು, ಬೆಚ್ಚಗಿದೆಯೇ ಎಂದು ಮುಂಗೈ ಮೇಲೆ ಪರೀಕ್ಷಿಸಿ, ನಾಲ್ಕು ಹನಿ ಆ ಕಿವಿಗೆ ಬಿಟ್ಟೆ. ತಮಟೆ ಹರಿದ ಕಿವಿಗೆ ಬಿಟ್ಟ ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ. 24 ದಿನ ಬಿಟ್ಟೆ.

ಇಪ್ಪತ್ತೈದನೆಯ ದಿನ ಅವನ ಅಜ್ಜನ ಫೋನ್ ಬಂದಿತ್ತು. ಮಗ ಫೋನನ್ನು ರೂಢಿಯಂತೆ ಎಡಗಿವಿಗೆ ಹಿಡಿದು, “ಅಜ್ಜಾ, ಕೇಳಿಸವಲ್ದು” ಎಂದು, ಬಲಗಿವಿಗೆ ಬದಲಿಸಿ ಮಾತಾಡತೊಡಗಿದ. ನಾನು ಅವನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಎಡಗಿವಿಯ ಪಕ್ಕದಲ್ಲಿ ನನ್ನ ಕೈಗಡಿಯಾರ ಹಿಡಿದೆ. ಅವನು ಸುಮ್ಮನೆ ಕುಳಿತಿದ್ದ.

ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ತಜ್ಞರು ದೀಪ ಹಾಕಿ ನೋಡಿ, ತಮಟೆಯಲ್ಲಿ ದೊಡ್ಡ ರಂಧ್ರವಿದೆ ಎಂದು ಹೇಳಿ, ಈಚೆಗೆ ಮಗುವಿಗೆ ದೊಡ್ಡ ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದರು. ನಾನು “ಇಲ್ಲ ಸರ್” ಎಂದೆ. ಸುಳ್ಳು ಹೇಳಲಿಲ್ಲ, ನನಗೆ ನಿಜವಾಗಿಯೂ ನೆನಪಾಗಲಿಲ್ಲ, ಏಕೆಂದರೆ ಆ ಕಡತ ಮುಕ್ತಾಯವಾಗಿತ್ತು. ನನ್ನ ಹೆಂಡತಿ “ದಡಾರ ಬಂದಿತ್ತಲ್ಲ” ಎಂದಾಗ ತಜ್ಞರು ಲೇಖನಿ ಕೆಳಗಿಟ್ಟರು. ಎಡಗಿವಿಯಲ್ಲಿ ಸುಮಾರು 40 ಡೆಸಿಬೆಲ್ ಕೊರತೆ ಎಂದು ಪರೀಕ್ಷೆ ತೋರಿಸಿತು. ಕೀವು ಒಣಗಿಸಲು ತಿಂಗಳುಗಳು ಹಿಡಿದವು. ಹತ್ತನೆಯ ವಯಸ್ಸಿನಲ್ಲಿ, ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಗೆದ ಪದರವನ್ನು ತೇಪೆಯಾಗಿ ಹಾಕಿ ತಮಟೆ ಮುಚ್ಚಿದರು. ಶ್ರವಣ ಒಂದಿಷ್ಟು ಮರಳಿತು, ಪೂರ್ತಿ ಮರಳಲಿಲ್ಲ.

ಈಗ ನಿಮ್ಮ ಹಿರಿಯರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ದಡಾರ ಒಮ್ಮೆ ಬಂದರೆ ದಡಾರದ ವಿರುದ್ಧದ ರಕ್ಷಣೆ ಜೀವನಪೂರ್ತಿ ಉಳಿಯುತ್ತದೆ. 1846ರಲ್ಲಿ ಫ್ಯಾರೋ ದ್ವೀಪಗಳಿಗೆ ದಡಾರ ಹೊಕ್ಕಾಗ ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಆದರೆ ಅದಕ್ಕೂ 65 ವರ್ಷಗಳ ಹಿಂದೆ, 1781ರ ಪಿಡುಗಿನಲ್ಲಿ ದಡಾರ ಕಂಡಿದ್ದ ಮುದುಕರಿಗೆ ಅದು ತಗಲಲಿಲ್ಲ ಎಂದು ಪೀಟರ್ ಪಾನುಂ ಎಂಬ ಡೆನ್ಮಾರ್ಕಿನ ತರುಣ ವೈದ್ಯ ದಾಖಲಿಸಿದ. ಹಿರಿಯರ ಮಾತು ಅಲ್ಲಿಗೆ ನಿಲ್ಲಬೇಕಾಗಿತ್ತು. ದಡಾರವನ್ನು ಗೆದ್ದ ಮೈ ಎಲ್ಲ ರೋಗಗಳನ್ನೂ ಗೆಲ್ಲುತ್ತದೆ ಎಂದು ಅದನ್ನು ಹಿಗ್ಗಿಸಿದ್ದೇ ನನ್ನನ್ನು ಮುಳುಗಿಸಿತು, ಏಕೆಂದರೆ ಉಳಿದ ರೋಗಗಳ ವಿಷಯದಲ್ಲಿ ದಡಾರ ಮಾಡುವುದು ನೇರ ವಿರುದ್ಧವಾದ ಕೆಲಸ.

ಇದರ ಸುಳಿವು ಸಿಕ್ಕಿದ್ದೂ ಹೊಸದಾಗಿ ಅಲ್ಲ. ಕ್ಷಯದ ಸೋಂಕಿದೆಯೇ ಎಂದು ನೋಡಲು ಚರ್ಮದಲ್ಲಿ ಟ್ಯೂಬರ್ಕ್ಯುಲಿನ್ ಪರೀಕ್ಷೆ ಮಾಡಿದರೆ, ಸೋಂಕಿರುವವರಲ್ಲಿ ಆ ಜಾಗ ಕೆಂಪಗೆ ಊದಿಕೊಳ್ಳುತ್ತದೆ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲಿ ಗಮನಿಸಿದ್ದೇನೆಂದರೆ, ಹಾಗೆ ಊದಿಕೊಳ್ಳುತ್ತಿದ್ದ ಮಕ್ಕಳಿಗೆ ದಡಾರ ಬಂದಾಗ ಆ ಊತವೇ ಕಾಣಿಸದಾಗುತ್ತಿತ್ತು. ಸೋಂಕು ಒಳಗೇ ಇದೆ, ಆದರೆ ದೇಹ ಅದನ್ನು ಗುರುತಿಸುತ್ತಿಲ್ಲ. ಇಂದಿಗೂ ದಡಾರದ ನಂತರದ ಕೆಲವು ವಾರ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಈ ಸಂಗತಿಯನ್ನು ನಿಮ್ಮ ವೈದ್ಯರಿಗೆ ತಪ್ಪದೆ ಹೇಳಿ.

ಕಾರಣವನ್ನು ನನ್ನ ಕಚೇರಿಯ ಭಾಷೆಯಲ್ಲೇ ಹೇಳುತ್ತೇನೆ, ನನಗೆ ಅರ್ಥವಾದದ್ದೂ ಹಾಗೆಯೇ. ಮಗು ಹುಟ್ಟಿದಂದಿನಿಂದ ಎದುರಿಸಿದ ಪ್ರತಿಯೊಂದು ರೋಗಾಣುವಿನ ಗುರುತನ್ನು, ಪ್ರತಿಯೊಂದು ಲಸಿಕೆಯ ಗುರುತನ್ನು, ಸ್ಮರಣಕೋಶಗಳು ಎನ್ನುವ ಬಿಳಿ ರಕ್ತಕಣಗಳು ಕಡತ ಕಟ್ಟಿ ಇಟ್ಟುಕೊಂಡಿರುತ್ತವೆ. ದಡಾರದ ವೈರಸ್ ಜೀವಕೋಶದೊಳಗೆ ನುಗ್ಗಲು ಸಿಡಿ150 ಎಂಬ ಬಾಗಿಲನ್ನು ಹುಡುಕುತ್ತದೆ, ಆ ಬಾಗಿಲು ಹೆಚ್ಚಾಗಿ ಇರುವುದು ಈ ಸ್ಮರಣಕೋಶಗಳ ಮೇಲೆಯೇ. ಅಂದರೆ ವೈರಸ್ ಮೊದಲು ಹೊಕ್ಕುವುದು ರೆಕಾರ್ಡ್ ರೂಮಿಗೆ. ಆಮೇಲೆ ದೇಹ ಎಚ್ಚೆತ್ತು, ಸೋಂಕು ತಗಲಿದ ಕೋಶಗಳನ್ನೆಲ್ಲ ತಾನೇ ಕೊಲ್ಲುತ್ತದೆ; ವೈರಸ್ ಜೊತೆಗೆ ತನ್ನ ಹಳೆಯ ಕಡತಗಳನ್ನೂ ಸುಡುತ್ತದೆ. ನಾವು ನಂಜು ಹೊರಗೆ ಬಂತೆಂದು ಸಂಭ್ರಮಿಸುವ ಆ ಕೆಂಪು ದದ್ದು, ಚರ್ಮದಲ್ಲಿ ಸೋಂಕಿತ ಕೋಶಗಳನ್ನು ದೇಹ ಕೊಲ್ಲುತ್ತಿರುವ ಗುರುತು.

ನಮ್ಮ ಕಚೇರಿಯಲ್ಲಿ ಒಂದು ಮಳೆಗಾಲ ಗೆದ್ದಲು ಹತ್ತಿತ್ತು. ಹೊರಗಿನಿಂದ ನೋಡಿದರೆ ಕಟ್ಟುಗಳು ಸಾಲಾಗಿ ನಿಂತಿದ್ದವು, ಲೆಕ್ಕ ಹಾಕಿದರೆ ಸಂಖ್ಯೆ ಸರಿಯಿತ್ತು. ಒಂದು ಕಟ್ಟನ್ನು ಎಳೆದಾಗ ಕೆಂಪು ಬಟ್ಟೆಯೊಳಗೆ ಬರೀ ಮಣ್ಣು. ನನ್ನ ಮಗನ ರಕ್ತದ ವರದಿ ಅಂತಹದ್ದೇ ಲೆಕ್ಕ. ದಡಾರದ ಸಮಯದಲ್ಲಿ ಕುಸಿದ ಬಿಳಿ ರಕ್ತಕಣಗಳ ಸಂಖ್ಯೆ ಬಹಳ ಬೇಗ ಮೇಲೇರುತ್ತದೆ, ಆದರೆ ಆ ಹೊಸ ಭರ್ತಿಯಲ್ಲಿ ಬಹುಪಾಲು ದಡಾರವೊಂದನ್ನೇ ಬಲ್ಲ ಕೋಶಗಳಿರುತ್ತವೆ. ಎಣಿಕೆಯ ಯಂತ್ರ ಕಡತಗಳನ್ನು ಎಣಿಸುತ್ತದೆ, ಓದುವುದಿಲ್ಲ. ಇದನ್ನು ಆಗಲೇ ಯಾರಾದರೂ ನನಗೆ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಆದರೆ ನಾನು ಯಾರನ್ನೂ ಕೇಳಿರಲಿಲ್ಲ ಎಂಬುದೂ ನಿಜ.

ಇದು ಎಷ್ಟರ ಮಟ್ಟಿಗಿನ ನಷ್ಟ ಎಂಬುದು ಅಂಕಿಗಳಲ್ಲಿ ಹೊರಬಂದದ್ದು ನನ್ನ ಮಗನಿಗೆ ದಡಾರ ಬಂದು ಒಂದೂವರೆ ವರ್ಷ ಕಳೆದ ಮೇಲೆ. ನೆದರ್ಲೆಂಡ್ಸಿನಲ್ಲಿ ಧಾರ್ಮಿಕ ಕಾರಣಕ್ಕೆ ಲಸಿಕೆ ಹಾಕಿಸದ ಸಮುದಾಯವೊಂದರಲ್ಲಿ 2013ರಲ್ಲಿ ದಡಾರ ಹಬ್ಬಿದಾಗ, ರೋಗಕ್ಕೆ ಮೊದಲು ಮತ್ತು ನಂತರ ಅಲ್ಲಿನ ಮಕ್ಕಳ ರಕ್ತ ಸಂಗ್ರಹಿಸಿದ್ದರು. ಅವರಲ್ಲಿ 77 ಮಕ್ಕಳ ರಕ್ತವನ್ನು ಹಾರ್ವರ್ಡಿನ ಮೈಕೆಲ್ ಮಿನಾ ಮತ್ತು ಸಂಗಡಿಗರು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಪ್ರಕಾರ, ಬೇರೆ ಬೇರೆ ರೋಗಾಣುಗಳ ವಿರುದ್ಧ ಮಕ್ಕಳಲ್ಲಿ ಮೊದಲಿದ್ದ ಪ್ರತಿಕಾಯಗಳಲ್ಲಿ, ಅಂದರೆ ರೋಗಾಣುವನ್ನು ಗುರುತಿಸಿ ತಡೆಯುವ ರಕ್ತದ ಪ್ರೋಟೀನುಗಳಲ್ಲಿ, 11ರಿಂದ 73 ಪ್ರತಿಶತದವರೆಗೆ ಅಳಿಸಿಹೋಗಿದ್ದವು. ದಡಾರದ ಲಸಿಕೆ ಪಡೆದ ಮಕ್ಕಳಲ್ಲಿ ಇಂತಹ ನಷ್ಟ ಕಾಣಲಿಲ್ಲ. ಇದೇ ಮಿನಾ 2015ರಲ್ಲಿ ಇಂಗ್ಲೆಂಡ್, ಅಮೆರಿಕ, ಡೆನ್ಮಾರ್ಕ್‌ಗಳ ಹಳೆಯ ಮರಣ ದಾಖಲೆಗಳನ್ನು ತೆರೆದು ನೋಡಿ, ದಡಾರದ ನಂತರ ಎರಡು ಮೂರು ವರ್ಷಗಳವರೆಗೂ ಮಕ್ಕಳು ಇತರ ಸೋಂಕುಗಳಿಂದ ಸಾಯುವುದು ಹೆಚ್ಚುತ್ತದೆ ಎಂದು ತೋರಿಸಿದ್ದ. ವಿಜ್ಞಾನಿಗಳು ಇದಕ್ಕೆ ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ರೋಗನಿರೋಧಕ ಮರೆವು ಎನ್ನಬಹುದು. ಮರೆತದ್ದನ್ನು ದೇಹ ಮತ್ತೆ ಕಲಿಯಬೇಕಾದರೆ ಆ ರೋಗಾಣುಗಳನ್ನು ಮತ್ತೊಮ್ಮೆ ಎದುರಿಸಬೇಕು, ಇಲ್ಲವೇ ಲಸಿಕೆ ಪಡೆಯಬೇಕು.

ನನ್ನ ಮಗನ ಕಿವಿಯ ಸೋಂಕು ಈ ಮರೆವಿನಿಂದಲೇ ಬಂತೆಂದು ಸಾಬೀತು ಮಾಡಲು ನನ್ನಿಂದಾಗದು. ದಡಾರ ಮೂಗು, ಗಂಟಲು, ನಡುಗಿವಿಗಳ ಒಳಪದರವನ್ನೂ ಹಾಳುಮಾಡುತ್ತದೆ, ದಡಾರ ಬಂದ ಸುಮಾರು 10 ಮಕ್ಕಳಲ್ಲಿ ಒಬ್ಬರಿಗೆ ಕಿವಿಯ ಸೋಂಕಾಗುತ್ತದೆ. ಎಲ್ಲ ವೈರಸ್‌ಗಳೂ ಒಂದೇ ದಾರಿ ಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಇನ್‌ಫ್ಲುಯೆಂಜಾ ಕಡತಗಳನ್ನು ಮುಟ್ಟದೆ ಕೋಟೆಯ ಗೋಡೆಯನ್ನು ಒಡೆಯುತ್ತದೆ; 1918ರ ಪಿಡುಗಿನಲ್ಲಿ ಸತ್ತವರಲ್ಲಿ ಬಹುಪಾಲು ಮಂದಿಯನ್ನು ಕೊಂದದ್ದು ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯ. 2021ರಲ್ಲಿ ನಮ್ಮಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರಕ್ಕೆ ಮಧುಮೇಹ ಮತ್ತು ಸ್ಟಿರಾಯ್ಡ್ ಕೂಡ ಕೈಜೋಡಿಸಿದ್ದವು. ಕೆಲವು ನೆಗಡಿ ವೈರಸ್‌ಗಳು ಒಂದಿಷ್ಟು ದಿನ ಬೇರೆ ವೈರಸ್ ಹತ್ತಿರ ಸುಳಿಯದಂತೆ ತಡೆಯುವುದೂ ಉಂಟು. ದಡಾರ ಆ ಜಾತಿಯದಲ್ಲ.

ಆದ್ದರಿಂದ ಲೇಹ್ಯವೋ ಸಿರಪ್ಪೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಸುಟ್ಟುಹೋದ ಕಡತವನ್ನು ಮತ್ತೆ ಬರೆಯುವುದಿಲ್ಲ. ಅವುಗಳಿಂದ ಆಗುವ ನಿಜವಾದ ಹಾನಿಯೆಂದರೆ, ಏನೋ ಮಾಡಿದ್ದೇವೆ ಎಂಬ ಸಮಾಧಾನ. ನನಗೆ ಆ ಕಿತ್ತಳೆ ಬಾಟಲಿ ಕೊಟ್ಟದ್ದು ಅದನ್ನೇ. ಕೇಳುವುದಾದರೆ ವಿಟಮಿನ್ ಎ ಕೊಟ್ಟಿದ್ದಾರೆಯೇ ಎಂದು ಕೇಳಿ. ವರ್ಷ ದಾಟಿದ ಮಗುವಿಗೆ ದಡಾರ ಬಂದಾಗ 2 ಲಕ್ಷ ಯೂನಿಟ್‌ನಂತೆ ಎರಡು ದಿನ ಸಾಲಾಗಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಟ್ಟಿರದಿದ್ದರೆ ವೈದ್ಯರನ್ನು ಕಾಣಿರಿ. ಅದು ಹೆಚ್ಚಾದರೆ ವಿಷ, ಆದ್ದರಿಂದ ಅಂಗಡಿಯಿಂದ ತಂದು ನೀವೇ ಹಾಕಬೇಡಿ. ಲಸಿಕೆಯ ಕಾರ್ಡ್ ತೆಗೆದುಕೊಂಡು ಹೋಗಿ, ಬಾಕಿ ಇರುವುದೆಲ್ಲವನ್ನೂ, ದಡಾರ-ರುಬೆಲ್ಲಾ ಲಸಿಕೆಯ ಬಾಕಿ ಡೋಸನ್ನೂ ಸೇರಿಸಿ, ಯಾವಾಗ ಹಾಕಿಸಬೇಕೆಂದು ಬರೆಸಿಕೊಳ್ಳಿ. ದಡಾರ ಬಂದು ಹೋಯಿತಲ್ಲ, ಇನ್ನೇಕೆ ಎಂದು ಯಾರಾದರೂ ಕೇಳಿದರೆ ರುಬೆಲ್ಲಾ ಇನ್ನೂ ಬಂದಿಲ್ಲ ಎಂದು ಹೇಳಿ. ನ್ಯುಮೋಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಪಟ್ಟಿಗೆ ಬಂದಿದೆ. ಕಿವಿ ಸೋರಿಸುವ, ಶ್ವಾಸಕೋಶ ಕೆಡಿಸುವ ಮುಖ್ಯ ಬ್ಯಾಕ್ಟೀರಿಯಾ ಈ ನ್ಯುಮೋಕಾಕಸ್. ನಿಮ್ಮ ಮಗಳಿಗೆ ಆ ಲಸಿಕೆ ಆಗಿದೆಯೇ ನೋಡಿ.

ಇನ್ನು ಎರಡು ಮೂರು ವರ್ಷ, ಬೇರೆ ಮಕ್ಕಳ ವಿಷಯದಲ್ಲಿ ನಾಳೆ ನೋಡೋಣ ಎನ್ನಬಹುದಾದ ಜ್ವರ, ಕೆಮ್ಮು, ಭೇದಿಗಳನ್ನು ನಿಮ್ಮ ಮಗಳ ವಿಷಯದಲ್ಲಿ ಇವತ್ತೇ ತೋರಿಸಿ, ತೋರಿಸುವಾಗ ದಡಾರ ಬಂದಿತ್ತು ಎಂದು ಮೊದಲ ವಾಕ್ಯದಲ್ಲೇ ಹೇಳಿ. ಕೆಮ್ಮು ಬಂದರೆ ಮಲಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: ಮೂರು ವರ್ಷದ ಮಗುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸರಿದರೆ, ರಾತ್ರಿಯಾಗಿದ್ದರೂ ಹೊರಡಿ. ಅದೇ 2018ರ ಡಿಸೆಂಬರಿನಲ್ಲಿ ನನ್ನ ಮಗನಿಗೆ ನ್ಯುಮೋನಿಯ ಬಂದಾಗ ನಾನು ಹೀಗೆ ಎಣಿಸಿಯೇ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ತಲುಪಿದ್ದೆ, ಐದು ದಿನದಲ್ಲಿ ಮನೆಗೆ ಬಂದೆವು. ಕಿವಿಯೊಳಗೆ ಎಣ್ಣೆಯಿರಲಿ, ಎದೆಹಾಲಿರಲಿ, ತುಳಸಿ ರಸವಿರಲಿ, ಒಂದು ಹನಿಯನ್ನೂ ಬಿಡಬೇಡಿ.

ಜಾತ್ರೆಯ ವಿಷಯ ಉಳಿಯಿತು. ದದ್ದು ಎದ್ದು ನಾಲ್ಕು ದಿನ ದಾಟಿದ ಮೇಲೆ ನಿಮ್ಮ ಮಗಳಿಂದ ಬೇರೆಯವರಿಗೆ ದಡಾರ ತಗಲುವ ಭಯವಿಲ್ಲ, ಆ ದೃಷ್ಟಿಯಿಂದ ಅಡ್ಡಿಯಿಲ್ಲ. ಆದರೆ ಜಾತ್ರೆಯ ಧೂಳಿನಲ್ಲಿ ಸಾವಿರ ಜನ ಕೆಮ್ಮುವುದನ್ನು ಎದುರಿಸಲು ಅವಳ ಬಳಿ ಹಳೆಯ ಕಡತಗಳು ಎಷ್ಟು ಉಳಿದಿವೆಯೋ ನಿಮಗೂ ತಿಳಿಯದು, ನನಗೂ ತಿಳಿಯದು. ನಾನಾಗಿದ್ದರೆ ಈ ವರ್ಷ ತೇರಿಗೆ ಒಬ್ಬನೇ ಹೋಗಿ, ಅವಳಿಗೆ ಬೆಂಡು ಬತ್ತಾಸು ತರುತ್ತಿದ್ದೆ.